ಮೊದಲ ಕರೆಗೇ ತಿರುಗುತ್ತಿದ್ದವನು

ನನ್ನ ಬಾಯಿಗೆ ಬೀಗವಿಲ್ಲ ಎಂದು ಗಂಡ ಸದಾ ಗೊಣಗುತ್ತಾರೆ. ಸುಳ್ಳಲ್ಲ. ಆದರೆ ಒಮ್ಮೆ, ಬಾಯಿ ಬಿಡಬೇಕಾದ ಕಡೆ ಮುಚ್ಚಿಕೊಂಡೆ, ಮುಚ್ಚಿಕೊಳ್ಳಬೇಕಾದ ಕಡೆ ಬಿಟ್ಟೆ.

ಕೊಲ್ಲಿ ದೇಶದ ರಾಸ್ ಅಲ್ ಖೈರ್‌ನ ಕಾರ್ಖಾನೆಯೊಂದರ ಕಾಲೊನಿಯಲ್ಲಿ ಪುಟ್ಟ ಕ್ಲಿನಿಕ್. ಅಲ್ಲಿ ನಾನು ಫಿಸಿಯೋಥೆರಪಿಸ್ಟ್. ಬೆರಳು ನೋವೆಂದು ನನ್ನಲ್ಲಿಗೆ ಬರುತ್ತಿದ್ದ ಅವನು ನೌಕರರಿಗೆ ವ್ಯಾಯಾಮ ಕಲಿಸುತ್ತಿದ್ದ ಅಮೆರಿಕದವನು, ಎಲ್ಲರಿಗೂ ‘ಕೋಚ್’. ಮೊದಲು ತನ್ನ ದೇಶದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿಯೇ ಬದುಕಿದವನು, ವೈಡ್ ರಿಸೀವರ್ ಅಂತೆ. ಅದೆಂಥ ಕೆಲಸ ಎಂದು ಕೇಳಿದ್ದಕ್ಕೆ, ಬೆರಳು ತಿಕ್ಕಿಸಿಕೊಳ್ಳುತ್ತಲೇ ಹೇಳಿದ: “ಬೆನ್ನು ಹಾಕಿ ಓಡುವುದು. ಚೆಂಡು ಎಸೆಯುವ ಗೆಳೆಯ ಹಿಂದಿನಿಂದ ಕೂಗಿದ ಕೂಡಲೇ ತಿರುಗಿ ಹಿಡಿಯುವುದು. ಅರೆಗಳಿಗೆ ತಡವಾದರೆ ಕೆಲಸ ಹೋಯಿತು.” ಹಾಗೆಯೇ ಹೋಯಿತು. ವಯಸ್ಸಾಗಿ ಕಾಲು ನಿಧಾನವಾದಂತೆ ಮೂರು ತಂಡಗಳು ಒಂದರ ಹಿಂದೊಂದು ಕೈಬಿಟ್ಟವು. ಉಳಿದದ್ದು ಸೊಟ್ಟಗಾದ ಬೆರಳುಗಳು ಮತ್ತು ಎಷ್ಟೋ ಸಲ ಪೆಟ್ಟು ತಿಂದ ತಲೆ.

ಒಂದು ದಿನ ನೋಡುತ್ತೇನೆ, ಎರಡೂ ಅಂಗೈ ಕೆಂಪು ಕೆಂಪು.

“ಎಂತ ಇದು ಮಾರಾಯ?” ಎಂದು ನನ್ನ ಬಾಯಿಂದ ಕನ್ನಡವೇ ಬಂತು.

ನನ್ನ ಮುಖ ನೋಡಿಯೇ ಅವನಿಗೆ ಅರ್ಥವಾಯಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಸಂಜೆ ಓಡುವಾಗ ಆ ಗೆಳೆಯ ಕೂಗುತ್ತಾನೆ. ತಿರುಗಿದರೆ ಯಾರೂ ಇಲ್ಲ. ಚೆಂಡು ಬಡಿದ ಹಾಗೆ ಅಂಗೈ ಮಾತ್ರ ಉರಿಯುತ್ತದೆ.”

ಆ ಗೆಳೆಯ ಸತ್ತು ಎರಡು ವರ್ಷವಾಗಿತ್ತು.

ಡಾಕ್ಟರಿಗೆ ಹೇಳಬೇಡ ಎಂದು ಬೇಡಿಕೊಂಡ. ತಲೆ ಸರಿಯಿಲ್ಲ ಎಂದು ಅವರು ಬರೆದರೆ ಕೆಲಸವೂ ಹೋಯಿತು, ಇಲ್ಲಿರಲು ಬೇಕಾದ ಇಕಾಮಾವೂ ಹೋಯಿತು. ಅವನಿಗೆ ಹಿಂತಿರುಗಿ ಹೋಗಲು ಮನೆ ಎಂಬುದು ಇರಲಿಲ್ಲ. ನನಗೆ ಪಾಪ ಅನಿಸಿತು. ಹೇಳಲಿಲ್ಲ. ಅದರ ಬದಲು ಉಡುಪಿಯ ನನ್ನ ಅಜ್ಜಿಯ ಮದ್ದು ಕೊಟ್ಟೆ!

“ನಮ್ಮಲ್ಲಿ ಮುಸ್ಸಂಜೆಗೆ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಸತ್ತವರು ಕರೆಯುವುದು ಒಂದೇ ಸಲ. ಮನುಷ್ಯರಾದರೆ ಮೂರು ಸಲ ಕರೆದೇ ಕರೆಯುತ್ತಾರೆ. ಬೆರಳಲ್ಲಿ ಎಣಿಸು, ಮೂರಾದ ಮೇಲೆ ತಿರುಗು.”

ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ.

ಮನೆಯಲ್ಲಿ ಹೇಳಿದಾಗ ಗಂಡ ತಟ್ಟೆ ಸರಿಸಿದರು. “ನಿಂಗೆ ಎಂತ ಮರ್ಲಾ? ಓದಿದ್ದು ಎಂತಕ್ಕೆ ಮತ್ತೆ? ನಾಳೆಯೇ ಡಾಕ್ಟ್ರಿಗೆ ಹೇಳು ಮಾರಾಯ್ತಿ.”

“ಒಂದು ವಾರ ನೋಡುವ. ನೀವು ಸುಮ್ಮನಿರಿ.”

ವಾರದಲ್ಲಿ ಅಂಗೈಯ ಕೆಂಪು ಇಳಿಯಿತು. ಅವನ ಮುಖಕ್ಕೆ ಕಳೆ ಬಂತು. “ಈಗ ಒಂದೇ ಸಲ ಕೂಗಿ ಸುಮ್ಮನಾಗುತ್ತಾನೆ” ಎಂದ. ನೋಡಿ ಹೇಗೆ ಎಂದು ಗಂಡನೆದುರು ನಾನು ಬೀಗಿದ್ದೇ ಬೀಗಿದ್ದು.

ಮರುದಿನ ಸಂಜೆ ಕ್ಲಿನಿಕ್ ಮುಚ್ಚಿ ಹೊರಟಿದ್ದೆ. ಧೂಳು ಕವಿದು ಬೀದಿಯೆಲ್ಲ ಮಂಕಾಗಿತ್ತು. ಸ್ವಲ್ಪ ಮುಂದೆ ಅವನು ನನಗೆ ಬೆನ್ನು ಹಾಕಿ ಓಡುತ್ತಿದ್ದ. ಪಕ್ಕದ ಓಣಿಯಿಂದ ನೀರಿನ ಟ್ಯಾಂಕರೊಂದು ಹಿಮ್ಮುಖವಾಗಿ ಅವನ ದಾರಿಗೇ ಬರುತ್ತಿತ್ತು. ಕಾರ್ಖಾನೆಯ ಮೊರೆತದಲ್ಲಿ ಅದರ ಸದ್ದೇ ಕೇಳಿಸುತ್ತಿರಲಿಲ್ಲ.

“ಕೋಚ್!” ಎಂದು ಕಿರುಚಿದೆ.

ಅವನಿಗೆ ಕೇಳಿಸಿತು. ತಿರುಗಲಿಲ್ಲ. ಓಡುತ್ತಲೇ ಬಲಗೈ ಎತ್ತಿ ಒಂದು ಬೆರಳು ತೋರಿಸಿದ. ಆಗಲೇ ತಿರುಗಿದ್ದರೆ ನಿಲ್ಲಲು ಜಾಗವಿತ್ತು. ಅಯ್ಯೋ, ನಾನೇ ಕಲಿಸಿದ್ದಲ್ಲವೇ! ಮತ್ತೆ ಕರೆಯಬೇಕೆಂದರೆ ಉಸಿರೇ ಹೊರಡಲಿಲ್ಲ.

ಆದರೂ ಅವನ ಎರಡನೇ ಬೆರಳು ಎದ್ದಿತು. ಆಮೇಲೆ ಮೂರನೆಯದು. ಆಗ ಅವನು ತಿರುಗಿದ, ಎರಡೂ ಕೈಗಳನ್ನು ಎದೆಯೆದುರು ಚಾಚಿಕೊಂಡು. ಅವನ ಕಣ್ಣು ನನ್ನ ಮೇಲಿರಲಿಲ್ಲ. ನನ್ನ ತಲೆಯ ಮೇಲಿಂದ ಬರುತ್ತಿದ್ದ ಏನನ್ನೋ ನೋಡಿ ನಗುತ್ತಿದ್ದ. ಅವನ ಬೆನ್ನ ಹಿಂದೆಯೇ ಟ್ಯಾಂಕರ್ ಇತ್ತು.

ಕ್ಲಿನಿಕ್ಕಿಗೆ ತರುವಷ್ಟರಲ್ಲಿ ಜೀವ ಹೋಗಿತ್ತು. ಇವನು ಮೊದಲೇ ಏನಾದರೂ ಹೇಳಿಕೊಂಡಿದ್ದನೇ ಎಂದು ಡಾಕ್ಟರು ಕೇಳಿದರು. ಹೌದು ಎಂದೆ. ಅಳುತ್ತಲೇ ಅಜ್ಜಿಯ ಮದ್ದಿನವರೆಗೆ ಎಲ್ಲ ಒಪ್ಪಿಸಿದೆ. ಅವನನ್ನು ನೀವು ಎಷ್ಟು ಸಲ ಕರೆದಿರಿ ಎಂದು ಕೇಳಿದಾಗ ಒಂದು ಬೆರಳು ಎತ್ತಿದೆ. ಬಿಳಿ ಬಟ್ಟೆಯ ಹೊರಗೆ ಚಾಚಿಕೊಂಡಿದ್ದ ಅವನ ಅಂಗೈ ಮತ್ತೆ ಮೊದಲಿನಂತೆ ಕೆಂಪಾಗಿತ್ತು.