ಸೋಮವಾರದ ಅಮೋನಿಯಾ

2023ರ ಫೆಬ್ರವರಿಯಲ್ಲಿ ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಆಹಾರ ತಯಾರಿಕಾ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ವಿಭಾಗದ ಹಿರಿಯ ಕೆಮಿಸ್ಟ್ ಆಗಿದ್ದೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು ಬಾಕಿ ಇತ್ತು. ಅಲ್ಲಿ ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ ಕೆಲಸ ಒಂದೇ, ಅನುಮಾನ ಪಡುವುದು. ಲಾರಿಯಲ್ಲಿ ಬಂದ ಹಾಲಿನ ಪುಡಿಯನ್ನು, ಅದರ ಜತೆ ಬಂದ ಸರ್ಟಿಫಿಕೇಟನ್ನು, ಕೆಲವು ಸಲ ಅವೆರಡನ್ನೂ ತಂದ ಡ್ರೈವರನ್ನು ನಂಬದೆ ಇರುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಇದು ಸಂಜೆ ಗೇಟಿನಲ್ಲಿ ಬಿಟ್ಟು ಮನೆಗೆ ಹೋಗುವಂಥ ಬುದ್ಧಿಯಲ್ಲ. ಬೆಳಿಗ್ಗೆ ಹಾಲಿನವನು ಬಂದರೆ ನಾನು ಲ್ಯಾಕ್ಟೋಮೀಟರ್ ಹಿಡಿದು ಬಾಗಿಲಿಗೆ ಬರುತ್ತಿದ್ದೆ. "ಹೆಣ್ಣು ನೋಡೋಕೆ ಬಂದ ದಿನ ನನ್ನ ಸ್ಯಾಂಪಲ್ ತಗೊಂಡು ಹೋಗಲಿಲ್ಲವಲ್ಲ, ಪುಣ್ಯ" ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಆ ವರ್ಷ ಏಪ್ರಿಲ್ ಕೊನೆಗೆ ಹೊರದೇಶದ ಖರೀದಿದಾರರು ಬರುವವರಿದ್ದರು. ಅವರಿಗಾಗಿ ರಿಸೆಪ್ಷನ್ ಹಾಲನ್ನು ಹೊಸದು ಮಾಡಿ, ಅಲ್ಲಿ ನಾಲ್ಕು ಅಡಿ ಉದ್ದದ, ಇನ್ನೂರೈವತ್ತು ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿ ಇಟ್ಟರು. ಒಳಗೆ ಜೀವಂತ ಗಿಡಗಳು, ಮರದ ಬೊಡ್ಡೆ, ನುಣುಪು ಕಲ್ಲು, ಒಂದು ಪಕ್ಕಕ್ಕೆ ನೀರು ಸೋಸುವ ಫಿಲ್ಟರ್. ನೀರಿನ ವಿಷಯ ತಾನೆ, ಕೆಮಿಸ್ಟ್ ನೋಡಿಕೊಳ್ಳಲಿ ಎಂದು ಮ್ಯಾನೇಜರ್ ಅದನ್ನು ನನ್ನ ತಲೆಗೆ ಕಟ್ಟಿದರು. ನಾನು ಹಿಂದೆಂದೂ ಮೀನು ಸಾಕಿದವನಲ್ಲ. ಹದಿನೈದು ದಿನ ಓದಿ, ಮೀನು ಬಿಡುವುದಕ್ಕೆ ಕಡಿಮೆ ಎಂದರೆ ಆರು ವಾರ ಬೇಕು ಎಂದು ಬರೆದುಕೊಟ್ಟೆ. ಅವರು ನನ್ನನ್ನು ಒಂದು ಥರ ನೋಡಿದರು.

ಆರು ವಾರ ಏಕೆಂದು ಹೇಳಬೇಕು. ಮೀನಿನ ಹೇಲು, ಉಚ್ಚೆ, ಉಳಿದ ಆಹಾರ, ಕೊಳೆತ ಎಲೆ ಎಲ್ಲದರಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ಅದರಿಂದ ಅಷ್ಟೇನೂ ತೊಂದರೆಯಿಲ್ಲ, ಗಿಡಗಳು ಅದನ್ನು ಗೊಬ್ಬರವಾಗಿ ತಿನ್ನುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಇರುವುದಿಲ್ಲ. ಮೀನು ಬಿಡದೆ, ನಾವೇ ಅಳತೆಯಂತೆ ಅಮೋನಿಯಾ ಹಾಕಿ ಅವನ್ನು ಬೆಳೆಸಬೇಕು. ಇದಕ್ಕೆ ಸೈಕ್ಲಿಂಗ್ ಎನ್ನುತ್ತಾರೆ. ಹಾಕಿದ ಎರಡು ಪಿಪಿಎಂ, ಎಂದರೆ ಲೀಟರಿಗೆ ಎರಡು ಮಿಲಿಗ್ರಾಂ, ಅಮೋನಿಯಾ ಇಪ್ಪತ್ತನಾಲ್ಕು ಗಂಟೆಯೊಳಗೆ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆ ತೋರಿಸಿದರೆ ತೊಟ್ಟಿ ತಯಾರಾಗಿದೆ ಎಂದರ್ಥ.

ಆ ಹಾಲನ್ನು ಗುಡಿಸಿ ಒರೆಸುತ್ತಿದ್ದವರು ಮಹದೇವಮ್ಮ. ತಿ. ನರಸೀಪುರದ ಹತ್ತಿರದ ಸೋಸಲೆಯವರು, ನಲವತ್ತರ ಆಸುಪಾಸು, ಗುತ್ತಿಗೆಯ ಹೌಸ್‌ಕೀಪಿಂಗ್ ಕೆಲಸದಲ್ಲಿ ಐದು ವರ್ಷದಿಂದ ಇದ್ದವರು. ವಾರದ ದಿನಗಳಲ್ಲಿ ನರಸೀಪುರದ ಬಸ್ ನಿಲ್ದಾಣದಿಂದ ಗುತ್ತಿಗೆದಾರರ ವ್ಯಾನಿನಲ್ಲಿ ಇನ್ನೂ ಹದಿಮೂರು ಹೆಂಗಸರ ಜತೆ ಬರುತ್ತಿದ್ದರು. ಭಾನುವಾರ ರಿಸೆಪ್ಷನ್ ಹಾಲನ್ನು ಪೂರ್ತಿ ತೊಳೆಯುವ ಕೆಲಸ ಅವರೊಬ್ಬರದೇ. ಅಂದು ವ್ಯಾನಿಲ್ಲ, ಬಸ್ಸು ಹಿಡಿದು ಬರಬೇಕು. ಮೊದಲ ದಿನವೇ ಕೇಳಿದರು: "ಮೀನೆಲ್ ಸಾ?"

ಬರಲಿಕ್ಕೆ ಇನ್ನೂ ಕಾಲವಿದೆ, ಮೊದಲು ಕಣ್ಣಿಗೆ ಕಾಣದ ಜೀವಿಗಳು ಬೆಳೆಯಬೇಕು ಎಂದೆ.

"ಓ, ಎಪ್ಪಾಕ್ದಂಗೆ ಅನ್ನಿ. ಎಪ್ಪು ಇಡಿಯೋಗಂಟ ಅಲ್ಲಾಡಿಸ್ಬಾರ್ದು."

ಹಾಲಿಗೆ ಹೆಪ್ಪು ಹಾಕುವುದಕ್ಕೂ ನನ್ನ ಎರಡು ಪಿಪಿಎಂಗೂ ಏನು ಸಂಬಂಧವೆಂದು ನನಗೆ ಸಿಟ್ಟೇ ಬಂತು. "ಅದೆಲ್ಲ ನಿನಗೆ ಬೇಡಮ್ಮ. ಈ ತೊಟ್ಟಿ ಮಾತ್ರ ಮುಟ್ಟಬೇಡ" ಎಂದೆ.

ಮೂರು ವಾರ ಎಲ್ಲ ಪುಸ್ತಕದಲ್ಲಿದ್ದಂತೆಯೇ ನಡೆಯಿತು. ನಾಲ್ಕನೆಯ ವಾರದ ಶುಕ್ರವಾರ ಎರಡು ಪಿಪಿಎಂ ಒಂದೇ ದಿನದಲ್ಲಿ ಕರಗಿತು. ನನಗಾದ ಖುಷಿ ಅಷ್ಟಿಷ್ಟಲ್ಲ. ಇನ್ನು ತೊಟ್ಟಿ ಅಚ್ಚುಕಟ್ಟಾಗಿರಲಿ ಎಂದು ಶನಿವಾರ ಮಧ್ಯಾಹ್ನ ಒಂದು ಬಕೆಟ್ ನೀರು ಬದಲಾಯಿಸಿ, ಫಿಲ್ಟರಿನ ಸ್ಪಂಜು ತೊಳೆದು, ಗಾಜು ಒರೆಸಿ, ಅಮೋನಿಯಾ ಹಾಕಿ ಮನೆಗೆ ಹೋದೆ. ಸೋಮವಾರ ಬಂದು ಪರೀಕ್ಷಿಸಿದರೆ ಅಮೋನಿಯಾ ಒಂದೂವರೆ ಪಿಪಿಎಂ ಹಾಗೇ ನಿಂತಿತ್ತು. ವಾರವಿಡೀ ನಿಧಾನವಾಗಿ ಸುಧಾರಿಸಿ ಶುಕ್ರವಾರಕ್ಕೆ ಮತ್ತೆ ಸೊನ್ನೆಯಾಯಿತು. ಮುಂದಿನ ಸೋಮವಾರ ಮತ್ತೆ ಅದೇ ಕಥೆ.

ಶುಕ್ರವಾರ ಸರಿ, ಸೋಮವಾರ ತಪ್ಪು. ನಡುವೆ ಇರುವುದು ಭಾನುವಾರ. ಭಾನುವಾರ ಆ ಹಾಲಿಗೆ ಬರುವುದು ಒಬ್ಬರೇ. ನನ್ನಂಥವನಿಗೆ ಇಷ್ಟು ಸಾಕಾಗಿತ್ತು.

ಆಮೇಲೆ ನಾನು ಕಂಡದ್ದೆಲ್ಲ ಸಾಕ್ಷಿಯೇ. ಸೋಮವಾರ ನೀರು ಎರಡು ಬೆರಳು ಇಳಿದಿರುತ್ತಿತ್ತು. ಏಪ್ರಿಲ್ ಬಿಸಿಲಿಗೆ ಮುಚ್ಚಳವಿಲ್ಲದ ತೊಟ್ಟಿಯಿಂದ ನೀರು ಆರುತ್ತದೆ ಎಂಬುದು ಕೆಮಿಸ್ಟ್ ತಲೆಗೆ ಹೊಳೆಯಲಿಲ್ಲ. ನಾನು ಶನಿವಾರ ತೆಗೆದಿಟ್ಟ ಬಕೆಟ್ ನೀರು ಸೋಮವಾರಕ್ಕೆ ಖಾಲಿಯಾಗಿರುತ್ತಿತ್ತು. ತೊಟ್ಟಿಯ ಹತ್ತಿರ ಬಗ್ಗಿ ಮೂಸಿ ನೋಡಿದೆ, ಫಿನಾಯಿಲ್ ವಾಸನೆ ಬಂದಂತಾಯಿತು. ಮೂರನೆಯ ಶನಿವಾರ ಫಿಲ್ಟರಿನ ಮುಚ್ಚಳಕ್ಕೆ ಅಡ್ಡವಾಗಿ ಒಂದು ಬಿಳಿ ದಾರ ಅಂಟಿಸಿ ಹೋದೆ. ಸೋಮವಾರ ದಾರ ಇದ್ದಂತೆಯೇ ಇತ್ತು, ಅಮೋನಿಯಾ ಮಾತ್ರ ಮತ್ತೆ ಏರಿತ್ತು. ಬೇರೆ ಯಾರಾದರೂ ಅಷ್ಟಕ್ಕೆ ಬಿಡುತ್ತಿದ್ದರು. ನಾನು ಮಾತ್ರ, ದಾರ ಕಾಣಿಸಿ ಹುಷಾರಾಗಿದ್ದಾಳೆ, ಭಲೇ ಚಾಲಾಕಿ ಎಂದುಕೊಂಡೆ.

ಅಂದೇ ಕರೆದು ಕೇಳಿದೆ. ನೆಲ ಒರೆಸುವ ಕೋಲು ಹಿಡಿದುಕೊಂಡೇ ನಿಂತಿದ್ದರು.

"ನಾ ಮುಟ್ನಿಲ್ಲ ಸಾ. ನೀವ್ ಮುಟ್ಬ್ಯಾಡ ಅಂದ್ಮೇಲೆ ಯಾಕ್ ಮುಟ್ಲಿ?"

"ಬಕೆಟ್ ನೀರು ಎಲ್ಲಿಗೆ ಹೋಯಿತು?"

"ಅದಾ? ಕ್ಯಾಂಟೀನ್ ಇಂದ್ಗಡೆ ಬಾಳೆ ಬುಡಕ್ಕುಯ್ದೆ. ನೀವೆಂಗೂ ಚೆಲ್ಲೋ ನೀರು."

"ಹಾಗಾದರೆ ನೀರು ಕೆಟ್ಟದ್ದು ಹೇಗೆ?"

"ನಂಗೇನ್ ಗೊತ್ತು ಸಾ? ಕ್ಯಾಮ್ರಾ ಅದಲ್ಲ, ನೋಡ್ಕಳಿ."

ಆ ಕೊನೆಯ ಮಾತು ನನಗೆ ಎದುರುತ್ತರದಂತೆ ಕೇಳಿಸಿತು. ಖರೀದಿದಾರರು ಬರಲು ಹತ್ತೇ ದಿನವಿತ್ತು, ಮ್ಯಾನೇಜರ್ ದಿನಕ್ಕೆರಡು ಸಲ ಮೀನು ಎಲ್ಲಿ ಎಂದು ಕೇಳುತ್ತಿದ್ದರು. ಮಧ್ಯಾಹ್ನದೊಳಗೆ ಇಂಗ್ಲಿಷಿನಲ್ಲಿ ಒಂದು ಪುಟ ದೂರು ಬರೆದೆ. ಹೆಸರು, ಟೋಕನ್ ನಂಬರ್, ಮೂರು ಸೋಮವಾರಗಳ ಅಂಕಿ ಎಲ್ಲ ಇತ್ತು. ಸಂಜೆಗೆ ಗುತ್ತಿಗೆದಾರರು ಮಹದೇವಮ್ಮನಿಗೆ ನಾಳೆಯಿಂದ ಬರಬೇಡ ಎಂದರು.

ಮಾರನೆಯ ದಿನ ಕ್ಯಾಮೆರಾ ನೋಡಲು ಹೋದೆ. ಅವರು ನಿರಪರಾಧಿ ಇರಬಹುದು ಎಂದಲ್ಲ. ಗುತ್ತಿಗೆದಾರರು ಪುರಾವೆ ಕೇಳಿದರೆ ಇರಲಿ ಎಂದು. ಸೆಕ್ಯುರಿಟಿ ಮೇಲ್ವಿಚಾರಕ ಚಿಕ್ಕಲಿಂಗು ಪಕ್ಕದಲ್ಲಿ ಕುಳಿತು ಮೂರು ಭಾನುವಾರಗಳನ್ನು ಓಡಿಸಿ ತೋರಿಸಿದ. ಮಹದೇವಮ್ಮ ನೆಲ ಒರೆಸುತ್ತಾರೆ. ಫಿನಾಯಿಲ್ ಬಕೆಟ್ಟನ್ನು ತೊಟ್ಟಿಯ ಹತ್ತಿರ ತರದೆ ಬಾಗಿಲ ಬಳಿಯೇ ಇಟ್ಟು ಅಷ್ಟು ದೂರ ನಡೆದು ಬಟ್ಟೆ ಹಿಂಡಿಕೊಂಡು ಬರುತ್ತಾರೆ. ಕೆಲಸ ಮುಗಿದ ಮೇಲೆ ತೊಟ್ಟಿಯ ಮುಂದೆ ನಿಂತು ಗಿಡ ನೋಡುತ್ತಾರೆ, ಐದು ನಿಮಿಷ, ಒಂದು ಭಾನುವಾರ ಎಂಟು ನಿಮಿಷ. ನಿಂತಾಗಲೆಲ್ಲ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಾರೆ. ಯಾರೂ ಇಲ್ಲದ ರಿಸೆಪ್ಷನ್ ಹಾಲಿನಲ್ಲಿ, ನಾನು ಮುಟ್ಟಬೇಡ ಎಂದಿದ್ದಕ್ಕೆ.

ಶನಿವಾರದ್ದನ್ನೂ ಹಾಕು ಎಂದೆ. ಅವನು ಹಾಕಿದ. ಅಲ್ಲಿ ಒಬ್ಬ ಬಿಳಿ ಕೋಟಿನ ಮನುಷ್ಯ ಫಿಲ್ಟರಿನಿಂದ ಕಂದು ಬಣ್ಣದ ಸ್ಪಂಜು ತೆಗೆದು, ಮೂಲೆಯ ವಾಶ್ ಬೇಸಿನ್ನಿಗೆ ಒಯ್ದು, ನಲ್ಲಿ ಪೂರ್ತಿ ತಿರುಗಿಸಿ, ಹಿಂಡಿ ಹಿಂಡಿ ತೊಳೆಯುತ್ತಿದ್ದ. ಸ್ಪಂಜು ಹಳದಿಯಾಗುವವರೆಗೆ ಬಿಡಲಿಲ್ಲ.

"ಸಾ, ಮೂರ್ ವಾರದಲ್ಲಿ ಇದ್ರೊಳಕ್ಕೆ ಕೈಯಾಕಿರೋರು ಒಬ್ರೇಯಾ" ಎಂದ ಚಿಕ್ಕಲಿಂಗು. ಅದು ನಾನು ಎಂದು ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಆ ಕಂದು ಬಣ್ಣವನ್ನು ನಾನು ಕೊಳೆ ಎಂದುಕೊಂಡಿದ್ದೆ. ನಾವು ಆರು ವಾರದಿಂದ ಸಾಕುತ್ತಿದ್ದ ಬ್ಯಾಕ್ಟೀರಿಯಾ ಹೆಚ್ಚಾಗಿ ಇದ್ದದ್ದು ಅದರಲ್ಲೇ. ಕಾರ್ಖಾನೆಯೊಳಗೆ ಹೋಗುವವರು ಕೈ ತೊಳೆಯುವ ನಲ್ಲಿ ಅದು. ಅದಕ್ಕೆ ಕ್ಲೋರಿನ್ ಸ್ವಲ್ಪ ಹೆಚ್ಚೇ ಇರಲಿ ಎಂದು ಆದೇಶ ಬರೆದವನೂ ನಾನೇ. ತೊಟ್ಟಿಗೆ ಸುರಿಯುವ ನೀರಿನ ಕ್ಲೋರಿನ್ ಹೋಗಲಾಡಿಸಲು ಲ್ಯಾಬಿನಿಂದ ಥಯೋಸಲ್ಫೇಟ್ ತಂದು ಹಾಕುತ್ತಿದ್ದವನು, ಸ್ಪಂಜನ್ನು ಮಾತ್ರ ಅದೇ ನಲ್ಲಿಗೆ ಹಿಡಿದಿದ್ದೆ. ಇಪ್ಪತ್ತೊಂಬತ್ತು ವರ್ಷ ಗಾಜಿನ ಸಾಮಾನು ಫಳಫಳ ತೊಳೆದ ಕೈ, ಕೇಳದೆಯೇ ಅದನ್ನೂ ತೊಳೆದುಬಿಟ್ಟಿತು. ಮಹದೇವಮ್ಮ ಹೇಳಿದ ಹೆಪ್ಪನ್ನು ಪ್ರತಿ ಶನಿವಾರ ಬಟ್ಟಲು ಸಮೇತ ಉಜ್ಜಿ ಚೆಲ್ಲಿ, ಸೋಮವಾರ ಮೊಸರು ಕದ್ದವರು ಯಾರು ಎಂದು ಹುಡುಕುತ್ತಿದ್ದೆ.

ನಾಚಿಕೆಯಾಯಿತು. ಆದರೆ ನಾಚಿಕೆಯಾದವನು ತಕ್ಷಣ ಒಳ್ಳೆಯವನಾಗುವುದಿಲ್ಲ. ನಾನು ಎರಡನೆಯ ಕಾಗದ ಬರೆದೆ, ಮಹದೇವಮ್ಮನೂ ಓದಲಿ ಎಂದು ಕನ್ನಡದಲ್ಲಿ: "ನೀರಿನ ಏರುಪೇರಿಗೆ ತಾಂತ್ರಿಕ ಕಾರಣವಿರುವುದು ಕಂಡುಬಂದಿದೆ. ಹೌಸ್‌ಕೀಪಿಂಗ್ ಸಿಬ್ಬಂದಿಯ ಮೇಲಿನ ದೂರನ್ನು ಹಿಂದಕ್ಕೆ ಪಡೆಯಲಾಗಿದೆ." ಮ್ಯಾನೇಜರಿಂದ ಸಹಿ ಹಾಕಿಸಿ ಗುತ್ತಿಗೆದಾರರಿಗೆ ಕೊಟ್ಟೆ, ಸೋಮವಾರದಿಂದ ಅವರನ್ನು ಮತ್ತೆ ಕೆಲಸಕ್ಕೆ ಕರೆಯಲು ಒಪ್ಪಿದರು. ಅದರ ಪ್ರತಿ ಹಿಡಿದು ಭಾನುವಾರ ಮಧ್ಯಾಹ್ನ ಸೋಸಲೆಗೆ ಹೋದೆ.

ಮಹದೇವಮ್ಮ ಜಗುಲಿಯಲ್ಲಿ ಅವರೆಕಾಳು ಹಸನು ಮಾಡುತ್ತಿದ್ದರು. ಎದ್ದು ಚಾಪೆ ಹಾಕಿದರು, ನೀರು ಕೊಟ್ಟರು. ಏಳನೆಯ ಕ್ಲಾಸಿನವರೆಗೆ ಓದಿದ್ದವರು. ಕಾಗದವನ್ನು ಬೆರಳಿಟ್ಟು ಎರಡು ಸಲ ಓದಿದರು.

"ಮೊದಲ್ನೇ ಕಾಗ್ದದಲ್ಲಿ ನನ್ನೆಸ್ರು, ನಂಬ್ರು ಎಲ್ಲಾ ಇತ್ತಂತೆ. ಇದ್ರಲ್ಲಿ ಯಾರೆಸ್ರೂ ಇಲ್ವಲ್ಲ ಸಾ."

ನಾನು ಕಾಗದವನ್ನು ವಾಪಸು ತೆಗೆದುಕೊಂಡೆ.

"ವ್ಯಾನ್ನೋರು ನನ್ನ ಏನಂತಾವ್ರೆ ಗೊತ್ತಾ? ಮೀನ್ಗೆ ಇಸ ಆಕ್ದೋಳು ಅಂತ. ಮೀನೇ ಇರ್ನಿಲ್ಲ. ಆದ್ರೂವೆ ಊರ್ಗೆಲ್ಲ ಅದೇಯಾ."

ಮೂರನೆಯ ಕಾಗದವನ್ನು ಅಲ್ಲೇ ಚಾಪೆಯ ಮೇಲೆ ಕುಳಿತು ಬರೆದೆ. ಸ್ಪಂಜನ್ನು ಕ್ಲೋರಿನ್ ನೀರಿನಲ್ಲಿ ತೊಳೆದು ತೊಟ್ಟಿ ಕೆಡಿಸಿದವನು ನಾನು, ಮಹದೇವಮ್ಮನವರು ಅದನ್ನು ಒಮ್ಮೆಯೂ ಮುಟ್ಟಿಲ್ಲ, ಸುಳ್ಳು ದೂರು ಕೊಟ್ಟದ್ದು ನನ್ನ ತಪ್ಪು ಎಂದು ಬರೆದು, ಪೂರ್ತಿ ಹೆಸರು, ಹುದ್ದೆ ಹಾಕಿ ಸಹಿ ಮಾಡಿದೆ. ನಾಳೆ ಗೇಟಿನ ಬೋರ್ಡಿಗೆ ಅಂಟಿಸುತ್ತೇನೆ ಎಂದೆ.

"ಬೋಲ್ಡ್ನಲ್ಲಿರೋದ ಆಪೀಸ್ನೋರು ಓದ್ತಾರೆ. ವ್ಯಾನ್ನೋರು ಯಾರ್ ಓದಾರು?" ಎಂದರು, ಕಾಳಿನ ಮೊರ ಎಳೆದುಕೊಳ್ಳುತ್ತ.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನಾನು ನರಸೀಪುರದ ಬಸ್ ನಿಲ್ದಾಣದಲ್ಲಿದ್ದೆ. ಹೆಂಗಸರು ವ್ಯಾನಿನಲ್ಲಿ ಕುಳಿತಿದ್ದರು, ಮಹದೇವಮ್ಮ ಕೆಳಗೆ ನಿಂತಿದ್ದರು. ಬಾಗಿಲ ಮೆಟ್ಟಿಲ ಮೇಲೆ ನಿಂತು ಕಾಗದ ಓದಿದೆ. ಓದಿ ಮುಗಿಸಿದಾಗ ಹಿಂದಿನ ಸೀಟಿನಿಂದ ಒಬ್ಬರು ಕೇಳಿದರು: "ಅಂಗಾರೆ ಮೀನ್ಗೆ ಇಸ ಆಕ್ದೋರು ನೀವೇಯಾ ಸಾ?"

ಮೀನು ಇರಲೇ ಇಲ್ಲಮ್ಮ, ಅದು ವಿಷವಲ್ಲ, ಬ್ಯಾಕ್ಟೀರಿಯಾ ಎಂದು ವಿವರಿಸಲು ಬಾಯಿ ತೆರೆದೆ. ಮಹದೇವಮ್ಮನ ಮುಖ ನೋಡಿದೆ.

"ಹೌದಮ್ಮ, ನಾನೇ" ಎಂದೆ.

ಯಾರೋ ಕಿಸಕ್ಕೆಂದು ನಕ್ಕರು. ಮಹದೇವಮ್ಮ ಹತ್ತಿ ತಮ್ಮ ಮಾಮೂಲು ಸೀಟಿನಲ್ಲಿ ಕುಳಿತರು. ಪಕ್ಕದವರು ಜಾಗ ಬಿಟ್ಟುಕೊಟ್ಟರು.

ಖರೀದಿದಾರರು ಬಂದಾಗ ತೊಟ್ಟಿಯಲ್ಲಿ ಗಿಡಗಳಷ್ಟೇ ಇದ್ದವು; ಅವರು ಅದನ್ನೇ ಮೆಚ್ಚಿ ಫೋಟೋ ತೆಗೆದುಕೊಂಡು ಹೋದರು. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲುಬುವುದು ರೂಢಿಯಾಯಿತು. ಮೂರು ಸೋಮವಾರ ಸತತವಾಗಿ ಸೊನ್ನೆ ಬಂದ ಮೇಲೆ, ಮೇ ಕೊನೆಯಲ್ಲಿ ಹನ್ನೆರಡು ಸಣ್ಣ ಮೀನು ಬಿಟ್ಟೆವು. ಒಂದೂ ಸಾಯಲಿಲ್ಲ.

ಅನುಮಾನ ಕೆಟ್ಟದ್ದೆಂದು ನಾನು ಇಂದಿಗೂ ಹೇಳುವುದಿಲ್ಲ. ಅದಿಲ್ಲದೆ ನನ್ನ ಕೆಲಸವೇ ಇರುತ್ತಿರಲಿಲ್ಲ. ಆದರೆ ಉಳಿದ ಒಂದು ವರ್ಷ ಲ್ಯಾಬಿನ ಪ್ರತಿ ತನಿಖೆಯ ಹಾಳೆಯಲ್ಲೂ ಮೊದಲ ಸಾಲಿನಲ್ಲಿ, ನಾನು ಏನೇನು ಮುಟ್ಟಿದೆ ಎಂದು ಬರೆದ ಮೇಲೆಯೇ ಬೇರೆಯವರ ವಿಷಯಕ್ಕೆ ಹೋಗುತ್ತಿದ್ದೆ. ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ಬಹಳ ತಡವಾಗಿ. ಮಹದೇವಮ್ಮ ಮಾತ್ರ ನಾನು ನಿವೃತ್ತನಾಗುವ ದಿನದವರೆಗೂ ಆ ತೊಟ್ಟಿಯ ಮುಂದೆ ಕೈ ಹಿಂದೆ ಕಟ್ಟಿಕೊಂಡೇ ನಿಂತು ಮೀನು ನೋಡುತ್ತಿದ್ದರು. ಮುಟ್ಟಿ, ಪರವಾಗಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಮುಟ್ಟಲಿಲ್ಲ.