ಅಕ್ಕನಿಗೆ ಕೊಟ್ಟ ಗುಳಿಗೆ

ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಹೋದ ವರ್ಷದ ಆ ದಿನ ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಖಾನಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿದ್ದಾಗ ಬಿಪಿ ಎಂದರೇನೆಂದೇ ನನಗೆ ಗೊತ್ತಿರಲಿಲ್ಲ. ಗಂಡನ ನೌಕರಿಗೆಂದು ಬೆಳಗಾವಿಯ ಮಹಾಂತೇಶ ನಗರಕ್ಕೆ ಬಂದ ನಾಲ್ಕೇ ವರ್ಷಕ್ಕೆ ಅಂಟಿಕೊಂಡಿತು. ನಡಿಗೆ ನಿಂತಿತು, ನಿದ್ದೆ ಕೆಟ್ಟಿತು, ಅಂಗಡಿಯ ಉಪ್ಪುಪ್ಪು ಶೇವು ದಿನಾ ಮನೆಗೆ ಬರತೊಡಗಿತು. ನಮ್ಮ ಓಣಿಯವರೆಲ್ಲ ಯಾವುದೋ ಊರಿಂದ ಬಂದವರೇ, ಎಲ್ಲರಿಗೂ ಬಿಪಿಯೇ. ಒಬ್ಬಳ ಗುಳಿಗೆ ಮುಗಿದರೆ ಇನ್ನೊಬ್ಬಳು ತನ್ನದರಲ್ಲಿ ಎರಡು ಕತ್ತರಿಸಿ ಕೊಡುತ್ತಿದ್ದಳು, ಸಕ್ಕರೆ ಕಡ ಕೊಟ್ಟ ಹಾಗೆ. ತಲೆ ತಿರುಗಿದರೂ ಬಿಪಿ, ಕೈ ನಡುಗಿದರೂ ಬಿಪಿ. ಎಂಥ ದರಿದ್ರ ಜಾಣತನ!

ಅಂಥದರಲ್ಲಿ ಊರಿಂದ ಅಕ್ಕ ಬಂದಳು. ಜಳಕ ಮಾಡಿ ಲಿಂಗಪೂಜೆ ಮುಗಿಸದೆ ಅವಳು ಬಾಯಿಗೆ ಹನಿ ನೀರೂ ಹಾಕುವವಳಲ್ಲ. ಆವತ್ತು ನಳದ ನೀರು ಬರಲಿಲ್ಲ. ಬ್ಯಾರಲ್ಲಿನಲ್ಲಿದ್ದದ್ದು ಐದು ದಿನದ ನೀರು; ಮುಚ್ಚಳ ತೆಗೆದರೆ ಗಪ್ಪನೆ ಪಾಚಿಯ ನಾತ, ಒಳಗೆ ಹುಳ.

“ಇದರಾಗ ಜಳಕಾ ಮಾಡಿ ಲಿಂಗಾ ಹೆಂಗ ಹಿಡೀಲಿ? ನಳಾ ಬರಲಿ ತಡಿ,” ಎಂದಳು.

ನಾವು ದಿನಾ ಮೈ ತೊಳೆಯುತ್ತಿದ್ದದ್ದು ಅದೇ ನೀರಲ್ಲಿ. ನಾಚಿಕೆಗೆ ಬ್ಯಾರಲ್ಲಿನ ಮುಚ್ಚಳ ಮುಚ್ಚಿಬಿಟ್ಟೆ.

ಮಧ್ಯಾಹ್ನ ಹನ್ನೆರಡಾಯಿತು. ಅಕ್ಕ ಗೋಡೆ ಹಿಡಿದು ನಿಂತಳು. “ಕಣ್ಣಿಗೆ ಕತ್ತಲಿ ಬರಾಕತ್ತೈತಿ.”

“ಬಿಪಿನ ಇದು, ಖರೇ. ನನ್ನ ಗುಳಿಗಿ ತಗೋ.”

“ಪೂಜಿ ಆಗಿಲ್ಲ ನಂದಿನ್ನೂ.”

“ಗುಳಿಗಿ ಅಂದ್ರ ಊಟ ಏನಕ್ಕಾ? ನುಂಗ ಸುಮ್ನ!” ಎಂದು ಗದರಿದೆ.

ಹುಟ್ಟಿದಾಗಿನಿಂದ ಮೀರದ ನೇಮವನ್ನು ನನ್ನ ಬಾಯಿಗೆ ಅಂಜಿ ಮೀರಿದಳು. ಹಸಿದವಳಿಗೆ ಒಂದು ತುತ್ತು ರೊಟ್ಟಿ ಬೇಕಾಗಿತ್ತೆಂದು ನನಗೆ ಹೊಳೆಯಲೇ ಇಲ್ಲ. ತಾಸು ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲಲ್ಲಿ ದೊಪ್ಪನೆ ಬಿದ್ದಳು.

ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು. ಅಕ್ಕ ಕಣ್ಣು ಬಿಟ್ಟಳು. ನಾನು ತೋರಿಸಿದ ಗುಳಿಗೆ ನೋಡಿ ಡಾಕ್ಟರು ಸಿಟ್ಟಾದರು. “ಇವರಿಗೆ ಬಿಪಿ ಎಲ್ಲೈತ್ರಿ? ಹಸಿವಿಗೆ ಚಕ್ಕರ್ ಬಂದೈತಿ. ಇದನ್ನ ನುಂಗಿ ಇದ್ದ ಬಿಪಿನೂ ಇಳದೈತಿ. ಜೀವಾನ ಹೋಗ್ತಿತ್ತು! ಯಾರು ಕೊಟ್ರಿ ಇದನ್ನ?”

ಅಕ್ಕ ನನ್ನ ಮುಖ ನೋಡಿದಳು.

“ನಾನ ತಗೊಂಡೆರಿ,” ಎಂದಳು ಸಣ್ಣ ದನಿಯಲ್ಲಿ. “ಆಕಿ ಬ್ಯಾಡ ಅಂದ್ಳು, ನಾನ ಕೇಳ್ಲಿಲ್ಲ.”

“ಹಳ್ಳಿಯವರದು ಇದ ಹಣೇಬರಹ! ತಿಳೀಲಾರದ ಏನರ ನುಂಗ್ತೀರಿ,” ಎಂದು ಡಾಕ್ಟರು ಅವಳನ್ನೇ ಬೈದರು.

ಅವಳ ಚಪ್ಪಲಿ ಹಿಡಿದುಕೊಂಡು ಬಾಜೂಕ ನಿಂತಿದ್ದ ನಾನು, ಹೌದೆಂದು ತಲೆಯಾಡಿಸಿದೆ.