ಎತ್ತಿದ ಹ್ಯಾಂಡ್‌ಬ್ರೇಕ್

ನಂಜನಗೂಡಿನಲ್ಲಿ ನನ್ನ ಅಕ್ಕನ ಮನೆಯ ಹಿಂದೆ ಒಂದು ಶೀಟಿನ ಶೆಡ್ ಇದೆ. ಮೊದಲು ಅಲ್ಲಿ ಹಸು ಕಟ್ಟುತ್ತಿದ್ದರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಭಾವ ನಿವೃತ್ತರಾದ ಮೇಲೆ ಅದನ್ನು ಗ್ಯಾರೇಜ್ ಮಾಡಿಕೊಂಡು, ಎರಡೇ ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಕಟ್ಟಲು ಶುರುಮಾಡಿದರು. ಫೈಬರ್ ಬಾಡಿಯ ಭಾಗಗಳು ಲಾರಿಯಲ್ಲಿ ಬಂದವು. ಎಂಜಿನ್, ಸ್ಟಿಯರಿಂಗ್, ಸೀಟು ಎಲ್ಲವನ್ನೂ ಒಂದು ಹಳೆಯ ಕಾರಿನಿಂದ ಬಿಚ್ಚಿ ಹಾಕಬೇಕಿತ್ತು. ಇಂಥ ಗಾಡಿಗೆ ನೋಂದಣಿ ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ತೋಟದ ದಾರಿಯಲ್ಲಿ ಒಂದು ಸುತ್ತು ಹೊಡೆದರೆ ಸಾಕು ಎನ್ನುತ್ತಿದ್ದರು. ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಬರೆಯುವ ನಾನು ಭಾನುವಾರಗಳಂದು ಸ್ಪ್ಯಾನರ್ ಎತ್ತಿಕೊಡಲು ಹೋಗುತ್ತಿದ್ದೆ.

ಹಳೆಯ ಕಾರನ್ನು ಭಾವ ಗುಜರಿಯಿಂದ ತಂದಿದ್ದರು. ಮುಂಭಾಗ ನುಜ್ಜುಗುಜ್ಜಾಗಿತ್ತು. ನಂಬರ್ ಪ್ಲೇಟ್ ಇರಲಿಲ್ಲ. ಹ್ಯಾಂಡ್‌ಬ್ರೇಕ್ ಕೊನೆಯ ಹಲ್ಲಿನವರೆಗೂ ಎತ್ತಿದ್ದು ಅಲ್ಲೇ ಕಚ್ಚಿಕೊಂಡಿತ್ತು. ಆದರೂ ಹಿಂದಿನ ಚಕ್ರಗಳು ಸರಾಗವಾಗಿ ತಿರುಗುತ್ತಿದ್ದವು. ಡ್ರೈವರ್ ಸೀಟು ಪೂರಾ ಹಿಂದಕ್ಕಿತ್ತು. ಕುಳ್ಳಗಿರುವ ಭಾವ ಅದನ್ನು ಮುಂದಕ್ಕೆ ಎಳೆದು ಕೂರಿಸಿದರು. ಮುಂದಿನ ಭಾನುವಾರ ಬಂದು ನೋಡಿದಾಗ ಅದು ಮತ್ತೆ ಹಿಂದಕ್ಕೆ ಸರಿದಿತ್ತು.

“ಕೊಕ್ಕೆ ಸವ್ದೋಗದೆ,” ಎಂದರು ಭಾವ. ಇರಬಹುದು.

ಆ ಭಾನುವಾರದಿಂದಲೇ ಹಿರಿಯರೊಬ್ಬರು ಗೇಟಿನ ಹೊರಗೆ ಬಂದು ನಿಲ್ಲತೊಡಗಿದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಕಾರು ನೋಡಲು ಬರುವವರಿಗೆ ಕೊರತೆಯಿರಲಿಲ್ಲ. “ಇದೇನ್ ಸಾ, ಕಪ್ಪೆ ಕುಂತಂಗದೆ,” ಎಂದು ನಕ್ಕು ಹೋಗುತ್ತಿದ್ದರು. ಈ ಹಿರಿಯರು ನಗುತ್ತಿರಲಿಲ್ಲ. ಹೊಳೆಯುವ ಹೊಸ ಬಾಡಿಯ ಕಡೆ ಅವರ ಕಣ್ಣೇ ಹೋಗುತ್ತಿರಲಿಲ್ಲ. ಬಿಚ್ಚಿಹಾಕಿದ ಹಳೆಯ ಭಾಗಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಒಳಗೆ ಕರೆದರೆ ಬರಲಿಲ್ಲ. ಕಾಫಿ ಬೇಡವೆಂದರು.

“ಆ ಮನ್ಸ ನಿಂತ್ಕಂಡ್ರೆ ನಮ್ ನಾಯಿನೂ ಸುಮ್ನಾಗ್ಬುಡ್ತದೆ ಕಣೋ, ನೋಡಿದ್ಯಾ?” ಎಂದಳು ಅಕ್ಕ.

ಗಮನಿಸಿದೆ. ಎಲ್ಲರಿಗೂ ಬೊಗಳುವ ನಾಯಿ ಅವರಿದ್ದಷ್ಟು ಹೊತ್ತು ಶೆಡ್ಡಿನ ಮೂಲೆಯಲ್ಲಿ ಮಲಗಿರುತ್ತಿತ್ತು.

ನಾಲ್ಕನೆಯ ಭಾನುವಾರ ಮಧ್ಯಾಹ್ನ ಭಾವ ಹಳೆಯ ವೈರುಗಳು ಸರಿಯಿವೆಯೇ ಎಂದು ನೋಡಲು ಹೊಸ ಬ್ಯಾಟರಿಗೆ ಮುಟ್ಟಿಸಿದರು. ಹಾರನ್ ಕೂಗಿತು. ಯಾರೂ ಒತ್ತಿರಲಿಲ್ಲ. ತಗಡಿನ ಶೆಡ್ಡಿನಲ್ಲಿ ಆ ಸದ್ದು ಎಲ್ಲಿಂದ ಬರುತ್ತಿದೆಯೆಂದೇ ತಿಳಿಯುತ್ತಿರಲಿಲ್ಲ. ಭಾವ ವೈರು ಕಿತ್ತು ಸ್ಟಿಯರಿಂಗ್ ಬಿಚ್ಚಿದರು. ಒಳಗಿನ ಗುಂಡಿ ಒತ್ತಿದ ಹಾಗೇ ಸಿಕ್ಕಿಕೊಂಡಿತ್ತು. ತಲೆಯೆತ್ತಿದಾಗ ಆ ಹಿರಿಯರು ನಮ್ಮ ಪಕ್ಕದಲ್ಲೇ ನಿಂತಿದ್ದರು.

“ಇಂಗೇ ಕೂಗ್ತಿತ್ತಂತೆ,” ಎಂದರು. “ಬ್ಯಾಟ್ರಿ ಮುಗಿಯಗಂಟ.”

“ಯಾರ್ ಯೋಳುದ್ರು?” ಎಂದರು ಭಾವ.

“ಅಲ್ಲಿ ಗದ್ದೇಲಿದ್ದೋರು. ನನ್ ಮಗಂದು ಸಾ ಈ ಕಾರು.”

ಬಿಳಿಗೆರೆ ಕಡೆಯವರು. ಹಿಂದಿನ ವರ್ಷ ನರಸೀಪುರದ ರಸ್ತೆಯಲ್ಲಿ, ನಾಲೆಯ ತಿರುವಿನಲ್ಲಿ, ಅವರ ಮಗನ ಕಾರು ಮರಕ್ಕೆ ಗುದ್ದಿತ್ತು. ಮಗನೂ ಜೊತೆಯಲ್ಲಿದ್ದ ಅವನ ಹೆಂಡತಿಯ ತಮ್ಮನೂ ಸತ್ತರು. ಸೊಸೆ ಮಗುವಿನೊಂದಿಗೆ ನರಸೀಪುರದ ತವರಿಗೆ ಹೋದಳು. ನಿಮ್ಮ ಮಗ ಹುಚ್ಚನ ಹಾಗೆ ಓಡಿಸಿ ನಮ್ಮ ಹುಡುಗನನ್ನು ಕೊಂದ ಎಂದ ಬೀಗರು ಮೊಮ್ಮಗಳನ್ನು ಒಂದು ದಿನವೂ ಕಳಿಸಿರಲಿಲ್ಲ. ಮಗ ಹಾಗೆ ಓಡಿಸುವವನಲ್ಲವೆಂದು ನಂಬಿದ್ದ ಇವರು ಗುಜರಿಗಳಲ್ಲಿ ವಿಚಾರಿಸುತ್ತಾ ಕಾರನ್ನು ಹುಡುಕಿಕೊಂಡು ಬಂದಿದ್ದರು.

“ಪೇಪರಲ್ಲೇ ಬಂದದಲ್ಲ ಸಾ, ಜೋರಾಗಿ ಓಡುಸ್ದ ಅಂತ. ಅದ್ರ ಮುಂದೆ ನನ್ ಮಾತೇನ್ ನಡ್ದದು?”

ಆ ಸುದ್ದಿ ಬರೆದವನು ನಾನು. ಠಾಣೆಗೆ ಫೋನ್ ಮಾಡಿ ಹೆಸರು, ವಯಸ್ಸು, ಸ್ಥಳ ಕೇಳಿದ್ದೆ. ವೇಗದ ಮಾತನ್ನು ಪೊಲೀಸರು ಹೇಳಿರಲಿಲ್ಲ. ‘ಅತಿವೇಗವೇ ಕಾರಣ’ ಎಂಬುದನ್ನು ಅಪಘಾತದ ಸುದ್ದಿಗೆ ಕೊನೆಯ ಸಾಲಾಗಿ ಸೇರಿಸುವುದು ನಮಗೆ ಅಭ್ಯಾಸವಾಗಿತ್ತು.

ಭಾವ ಆಗಲೇ ಕಾರಿನ ಕೆಳಗೆ ತೂರಿದ್ದರು. ಹಿಂದಿನ ಚಕ್ರದ ಹತ್ತಿರದ ಬ್ರೇಕ್ ಪೈಪಿನ ಒಂದು ಗೇಣು ಕತ್ತರಿಸಿ ತಂದರು. “ಗುದ್ದಿರದು ಮುಂದೆ, ತೂತಾಗಿರದು ಹಿಂದೆ. ತುಕ್ಕು ತಿಂದದೆ. ಆಯ್ಲೆಲ್ಲ ಸೋರೋಗದೆ. ಹ್ಯಾಂಡ್‌ಬ್ರೇಕ್ ಕೇಬಲ್ಲೂ ತುಂಡಾಗದೆ. ಕಾಲಲ್ಲಿ ನಿಲ್ನಿಲ್ಲ ಅಂತ ಕೈಲಿ ಎಳ್ದವ್ನೆ.”

ಎತ್ತಿದ ಹಾಗೇ ಇದ್ದ ಆ ಹ್ಯಾಂಡ್‌ಬ್ರೇಕಿನ ಕಡೆ ಹಿರಿಯರು ಕೈ ಚಾಚಿದರು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. ಸುದ್ದಿ ಬರೆದವನು ನಾನೇ ಎಂದು ಹೇಳಿದೆ. ಅವರು ಪೈಪಿನ ತುಂಡನ್ನು ಭಾವನಿಂದ ತೆಗೆದುಕೊಂಡು ನನ್ನ ಕೈಗಿಟ್ಟರು.

“ಅಂಗಾರೆ ನೀವೇ ಬಂದು ಯೋಳಿ.”

ಮರುದಿನ ಬೆಳಿಗ್ಗೆ ಹಿರಿಯರೂ ನಾನೂ ನರಸೀಪುರಕ್ಕೆ ಹೋದೆವು. ಸೊಸೆ ಜಗಲಿಗೆ ಬಂದಳು. ಅವಳ ಅಪ್ಪ ಬಾಗಿಲಲ್ಲೇ ನಿಂತರು. ಸ್ಥಳಕ್ಕೆ ಹೋಗದೆ, ಯಾರೂ ಹೇಳದ ಮಾತನ್ನು ಬರೆದೆನೆಂದು ಹೇಳಿದೆ. ಪೈಪಿನ ತುಂಡು ಕೊಟ್ಟೆ. ಅವಳು ಆ ತೂತಿನ ಮೇಲೆ ಬೆರಳಾಡಿಸಿದಳು.

“ಆವತ್ತು ತಮ್ಮ ನಂಗೆ ಫೋನ್ ಮಾಡಿದ್ದ,” ಎಂದಳು. “ಮಾತಾಡ್ತಿದ್ದಂಗೇ ಅವ್ರು ‘ಬ್ರೇಕ್ ಇಡೀತಿಲ್ಲ ಕಣ್ಲಾ, ಇಡೀತಿಲ್ಲ’ ಅಂದ್ರು. ಆಮೇಲೆ ಬರೀ ಆರನ್ ಸದ್ದು. ನಾನು ಕಟ್ ಮಾಡ್ನಿಲ್ಲ. ಎಷ್ಟೊತ್ತೋ ಕೇಳುಸ್ಕಂಡೇ ಕುಂತಿದ್ದೆ.”

“ನಮ್ಗ್ಯಾಕೆ ಯೋಳ್ನಿಲ್ಲ ನೀನು?” ಎಂದರು ಅವಳ ಅಪ್ಪ.

“ಯೋಳುದ್ನಲ್ಲಪ್ಪ. ನೀನು ಪೇಪರ್ ತಂದು ಮುಂದೆ ಮಡುಗ್ದೆ. ನಂಗೂ ಅನ್ಮಾನ ಬಂತು, ನಾನ್ ಕೇಳಿದ್ದೇ ಸುಳ್ಳೇನೋ ಅಂತ.”

ಅವಳ ಅಪ್ಪ ನನ್ನ ಕಡೆ ತಿರುಗಿದರು. “ಈಗ್ ಯೋಳುದ್ದನ್ನೂ ಪೇಪರಲ್ಲಿ ಆಕಿ ಸಾ. ಬರ್ಲಿ. ಮಗೀನ ಕಳ್ಸದು ಆಮೇಲೆ ನೋಡನ.”

ನಾಳೆಯೇ ಬರೆಯುತ್ತೇನೆ ಎಂದೆ. ಸೊಸೆ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದು ಜಗಲಿಯ ಮೇಲೆ ಕೂರಿಸಿದಳು. ಮಗು ಅಜ್ಜನ ಗುರುತು ಹಿಡಿಯಲಿಲ್ಲ.

“ಪೇಪರ್‌ಗೆ ಕಾಯದೇನೂ ಬ್ಯಾಡ,” ಎಂದು ಅವಳು ಬಗ್ಗಿ ಮಗುವಿನ ಕಾಲಿಗೆ ಚಪ್ಪಲಿ ಹಾಕತೊಡಗಿದಳು. “ಕರ್ಕಂಡೋಗಿ ಮಾವ.”